ಫೈನಲ್ ಡಿಕ್ರಿ ಬರಲಿ ಅಂತ ಕಾಯಬೇಡಿ: ಮದುವೆಯಾಗದ ಜೋಡಿಯ ಫ್ಲಾಟು, ಗಡುವು ದಾಟಿದ ಅಪೀಲು

ಪ್ರಶ್ನೆ: ನನಗೆ 41 ವರ್ಷ, ಐಟಿ ಕಂಪನಿಯಲ್ಲಿ ಕೆಲಸ. 2013ರಿಂದ ಎಂಟು ವರ್ಷ ಬೆಂಗಳೂರಿನಲ್ಲಿ ಒಬ್ಬರ ಜೊತೆ ಒಂದೇ ಮನೆಯಲ್ಲಿದ್ದೆ. ನಾವು ಮದುವೆ ಆಗಲಿಲ್ಲ. ಇಬ್ಬರಿಗೂ ಬೇರೆ ಮದುವೆಯೂ ಆಗಿರಲಿಲ್ಲ. 2016ರಲ್ಲಿ ಉತ್ತರಹಳ್ಳಿ ಹತ್ತಿರ 72 ಲಕ್ಷಕ್ಕೆ ಫ್ಲಾಟ್ ಕೊಂಡೆವು. ಕ್ರಯಪತ್ರ ಇಬ್ಬರ ಹೆಸರಿನಲ್ಲಿದೆ. ಕೈಯಿಂದ ಕೊಟ್ಟ 22 ಲಕ್ಷದಲ್ಲಿ 18 ನನ್ನದು, 4 ಅವರದು. ಉಳಿದ 50 ಲಕ್ಷ ಜಂಟಿ ಬ್ಯಾಂಕ್ ಸಾಲ. ಕಂತು ಮಾತ್ರ ಮೊದಲಿನಿಂದಲೂ ನನ್ನ ಖಾತೆಯಿಂದಲೇ ಹೋಗುತ್ತಿದೆ. 2021ರಲ್ಲಿ ಬೇರೆಯಾದೆವು. ಫ್ಲಾಟಿನಲ್ಲಿ ನಾನೇ ಇದ್ದೇನೆ. ಅವರು ಸಿಟಿ ಸಿವಿಲ್ ಕೋರ್ಟಿನಲ್ಲಿ ಪಾಲು ಕೇಳಿ ದಾವೆ ಹಾಕಿದರು. 2024ರ ಜುಲೈ 12ರಂದು ಇಬ್ಬರಿಗೂ ಅರ್ಧ ಅರ್ಧ ಅಂತ ಪ್ರಿಲಿಮಿನರಿ ಡಿಕ್ರಿ ಆಯಿತು. ನನ್ನ ವಕೀಲರು 'ಫೈನಲ್ ಡಿಕ್ರಿ ಬರಲಿ, ಆಮೇಲೆ ಎಲ್ಲಾ ಸೇರಿಸಿ ಅಪೀಲು ಹಾಕೋಣ' ಅಂತ ವಾಟ್ಸ್‌ಆ್ಯಪ್ ಮಾಡಿದ್ದರು. 2025ರ ಜನವರಿಯಲ್ಲಿ ಹಾಸನದಲ್ಲಿ ಅಪ್ಪನಿಗೆ ಪಾರ್ಶ್ವವಾಯು ಆಯಿತು. ಜೂನ್ ತನಕ ಅಲ್ಲೇ ಇದ್ದೆ. ಈಗ ಎಫ್‌ಡಿಪಿ (ಫೈನಲ್ ಡಿಕ್ರಿಯ ಪ್ರಕ್ರಿಯೆ) ನೋಟಿಸ್ ಬಂದಿದೆ, ಅಕ್ಟೋಬರ್ 27ಕ್ಕೆ ಹಾಜರಾಗಬೇಕು. ಸೋದರಮಾವ 'ವಕೀಲರು ಹೇಳಿದ್ದೇ ಸರಿ, ಇನ್ನೂ ಟೈಮ್ ಇದೆ' ಅನ್ನುತ್ತಾರೆ. ಆಫೀಸಿನವರೊಬ್ಬರು 'ನಿನಗೇ ಹುಷಾರಿರಲಿಲ್ಲ ಅಂತ ಮೆಡಿಕಲ್ ಸರ್ಟಿಫಿಕೇಟ್ ಹಾಕು' ಅಂದರು. ಗೆಳತಿ 'ಮದುವೆ ಇಲ್ಲದ ಸಂಬಂಧಕ್ಕೆ ಕಾನೂನೇ ಇಲ್ಲ, ಡಿಕ್ರಿಯೇ ನಿಲ್ಲಲ್ಲ. ಡೊಮೆಸ್ಟಿಕ್ ವಯಲೆನ್ಸ್ ಕೇಸ್ ಹಾಕಿದರೆ ಫ್ಲಾಟ್ ಪೂರ್ತಿ ನಿನಗೇ' ಅಂತಾಳೆ. ನಾನು ಏನು ಮಾಡಲಿ?
(ಹೆಸರು ಬೇಡ, ಬೆಂಗಳೂರು. ಪತ್ರ ಬರೆದದ್ದು 2025ರ ಸೆಪ್ಟೆಂಬರ್ 30)

ಉತ್ತರ: ಮೊದಲು ಒಂದು ಕೆಲಸ ಮಾಡಿ. ವಕೀಲರ ಆ ವಾಟ್ಸ್‌ಆ್ಯಪ್ ಮೆಸೇಜನ್ನು ಅಳಿಸಬೇಡಿ, ಫೋನನ್ನೂ ಬದಲಾಯಿಸಬೇಡಿ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ದುಡ್ಡು ಹಾಕಿದ್ದು ನಾನು, ಅರ್ಧ ಹೋಯಿತು, ಈಗ ಕೇಳುವ ಹಕ್ಕೂ ಕೈತಪ್ಪಿತಾ ಅನ್ನುವುದು ಅಲ್ವಾ? ಪೂರ್ತಿ ಕೈತಪ್ಪಿಲ್ಲ. ಆದರೆ ಗಡುವು ದಾಟಿದೆ, ಮತ್ತು ಸೋದರಮಾವ ಹೇಳುವುದು ತಪ್ಪು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಈ ಊರಿನ ಕೋರ್ಟುಗಳಲ್ಲಿ ಆಸ್ತಿ ದಾವೆಗಳನ್ನೇ ನಡೆಸಿಕೊಂಡು ಬಂದಿದ್ದೇನೆ. 'ಫೈನಲ್ ಆಗಲಿ ಬಿಡಿ' ಅನ್ನುವ ಒಂದು ಮಾತಿನಿಂದ ಪಾಲು ಕಳೆದುಕೊಂಡವರನ್ನು ನೋಡಿ ನೋಡಿ ಹೊಟ್ಟೆ ಉರಿದಿದೆ.

ಪಾಲಿನ ದಾವೆಯಲ್ಲಿ ಎರಡು ಹಂತ ಇರುತ್ತದೆ. ಯಾರಿಗೆ ಎಷ್ಟು ಪಾಲು ಅನ್ನುವುದು ಪ್ರಿಲಿಮಿನರಿ ಡಿಕ್ರಿಯಲ್ಲಿ ತೀರ್ಮಾನವಾಗುತ್ತದೆ. ಆ ಪಾಲನ್ನು ನೆಲದ ಮೇಲೆ ಹೇಗೆ ಹಂಚುವುದು, ಹಂಚಲು ಆಗದಿದ್ದರೆ ಹೇಗೆ ಮಾರುವುದು ಅನ್ನುವುದು ಫೈನಲ್ ಡಿಕ್ರಿಯ ಕೆಲಸ. ನಿಮಗೆ ಬಂದಿರುವ ಎಫ್‌ಡಿಪಿ ನೋಟಿಸ್ ಈ ಎರಡನೇ ಹಂತದ್ದು. 'ಪ್ರಿಲಿಮಿನರಿ' ಅನ್ನುವ ಹೆಸರು ಕೇಳಿ ಜನ ಇದೇನೋ ತಾತ್ಕಾಲಿಕ ಅಂದುಕೊಳ್ಳುತ್ತಾರೆ. ಹಾಗಲ್ಲ. ಅರ್ಧ ಅರ್ಧ ಅನ್ನುವುದು ಅಲ್ಲಿಗೇ ಮುಗಿದ ಮಾತು. ಸಿವಿಲ್ ಪ್ರಕ್ರಿಯಾ ಸಂಹಿತೆ, ಅಂದರೆ ಸಿಪಿಸಿಯ 97ನೇ ಸೆಕ್ಷನ್ ಇದನ್ನು ಬಿಡಿಸಿ ಹೇಳಿದೆ: ಪ್ರಿಲಿಮಿನರಿ ಡಿಕ್ರಿಯ ಮೇಲೆ ಅಪೀಲು ಹಾಕದೆ ಬಿಟ್ಟವರು, ಮುಂದೆ ಫೈನಲ್ ಡಿಕ್ರಿಯ ಅಪೀಲಿನಲ್ಲಿ ಅದು ತಪ್ಪು ಅಂತ ವಾದಿಸುವ ಹಾಗಿಲ್ಲ. ಅಂದರೆ ನೀವು ಹೀಗೇ ಕಾದು ಕೂತರೆ, ಫೈನಲ್ ಡಿಕ್ರಿ ಆದ ಮೇಲೆ ಹೈಕೋರ್ಟಿಗೆ ಹೋದಾಗ 'ಬಾಲ್ಕನಿ ಯಾರಿಗೆ, ಬೆಲೆ ಎಷ್ಟು' ಅಂತ ಮಾತ್ರ ಕೇಳಬಹುದು. 'ನನ್ನದು ಅರ್ಧ ಅಲ್ಲ, ಜಾಸ್ತಿ' ಅಂತ ಕೇಳಲು ಬರುವುದಿಲ್ಲ.

ಈಗ ತಡ ಎಷ್ಟಾಗಿದೆ ಅಂತ ಲೆಕ್ಕ ಹಾಕೋಣ. ಬೆಂಗಳೂರು ಸಿಟಿ ಸಿವಿಲ್ ಕೋರ್ಟಿನ ಡಿಕ್ರಿಯ ಮೇಲೆ ಮೊದಲ ಅಪೀಲು ಹೈಕೋರ್ಟಿಗೆ ಹೋಗುತ್ತದೆ. ಕಾಲಮಿತಿ ಕಾಯ್ದೆಯ ಪ್ರಕಾರ ಹೈಕೋರ್ಟಿಗಾದರೆ 90 ದಿನ. (ಜಿಲ್ಲಾ ಕೋರ್ಟಿಗೆ ಹೋಗುವ ಅಪೀಲಾಗಿದ್ದರೆ 30 ದಿನವೇ. ಊರ ಕಡೆ ಜಮೀನಿನ ವ್ಯಾಜ್ಯ ಇರುವವರು ಈ ವ್ಯತ್ಯಾಸ ಗಮನಿಸಿ.) ಎಣಿಕೆ ಶುರುವಾಗುವುದು ಡಿಕ್ರಿಯ ದಿನದಿಂದ. ನಿಮಗೆ ಯಾವಾಗ ಗೊತ್ತಾಯಿತು, ವಕೀಲರು ಯಾವಾಗ ಫೋನ್ ಮಾಡಿದರು ಅನ್ನುವುದರಿಂದ ಅಲ್ಲ. ಜುಲೈ 12ರಿಂದ 90 ದಿನ ಅಂದರೆ 2024ರ ಅಕ್ಟೋಬರ್ 10.

ಇದಕ್ಕೆ ಸ್ವಲ್ಪ ದಿನ ಸೇರಿಸಿಕೊಳ್ಳಬಹುದು. ಸರ್ಟಿಫೈಡ್ ಕಾಪಿ (ಕೋರ್ಟ್ ದೃಢೀಕರಿಸಿ ಕೊಡುವ ತೀರ್ಪಿನ ನಕಲು) ಪಡೆಯಲು ಕೋರ್ಟ್ ತೆಗೆದುಕೊಂಡ ದಿನಗಳನ್ನು ಕಾನೂನು ಬಿಟ್ಟು ಎಣಿಸುತ್ತದೆ. ನಿಮ್ಮ ಕಾಪಿಯ ಕೊನೆಯ ಪುಟ ತಿರುಗಿಸಿ ನೋಡಿ. ಅಲ್ಲಿ ಒಂದು ಮುದ್ರೆ ಇರುತ್ತದೆ. ಅರ್ಜಿ ಹಾಕಿದ ದಿನ, ಕಾಪಿ ಸಿದ್ಧವಾದ ದಿನ, ಕೊಟ್ಟ ದಿನ ಎಲ್ಲಾ ಶಾಯಿಯಲ್ಲಿ ಬರೆದಿರುತ್ತಾರೆ. ಉದಾಹರಣೆಗೆ ಜುಲೈ 22ಕ್ಕೆ ಅರ್ಜಿ ಹಾಕಿ ಆಗಸ್ಟ್ 9ಕ್ಕೆ ಸಿದ್ಧವಾಗಿದ್ದರೆ 19 ದಿನ ಸಿಗುತ್ತದೆ. ಆಗ ಗಡುವು ಅಕ್ಟೋಬರ್ 29ಕ್ಕೆ ಹೋಗುತ್ತದೆ. ಸಿದ್ಧವಾದ ಮೇಲೂ ಯಾರೂ ಹೋಗಿ ತರದೆ ಬಿಟ್ಟ ದಿನಗಳು ಲೆಕ್ಕಕ್ಕಿಲ್ಲ. ಗಡುವು ಮುಗಿದ ಮೇಲೆ ಅರ್ಜಿ ಹಾಕಿದ್ದರಂತೂ ಒಂದು ದಿನವೂ ಸಿಗದು. ಆನ್‌ಲೈನ್‌ನಲ್ಲಿ ಇಳಿಸಿಕೊಂಡ ತೀರ್ಪು ಓದಲು ಸರಿ, ಸರ್ಟಿಫೈಡ್ ಕಾಪಿಯ ಜಾಗದಲ್ಲಿ ಅದು ನಡೆಯದು. ಮೇಲಿನ ಉದಾಹರಣೆಯನ್ನೇ ಹಿಡಿದರೆ, ನೀವು ಪತ್ರ ಬರೆದ ದಿನಕ್ಕೆ 336 ದಿನ ತಡವಾಗಿದೆ. ನಿಮ್ಮ ಮುದ್ರೆಯ ತಾರೀಖು ನೋಡಿ ಸರಿಯಾದ ಸಂಖ್ಯೆ ತೆಗೆಯಿರಿ. ತಡ ಮನ್ನಿಸಿ ಅಂತ ಹಾಕುವ ಅರ್ಜಿಯ ಅಫಿಡವಿಟ್‌ನಲ್ಲಿ (ಪ್ರಮಾಣ ಮಾಡಿ ಬರೆದ ಹೇಳಿಕೆಯಲ್ಲಿ) ಈ ಸಂಖ್ಯೆಯೇ ತಪ್ಪಿದ್ದರೆ ಮೊದಲ ದಿನವೇ ಆಕ್ಷೇಪಣೆ ಬೀಳುತ್ತದೆ.

336 ದಿನ ಅಂದರೆ ಬಾಗಿಲು ಮುಚ್ಚಿತಾ? ಇಲ್ಲ. ಕಾಲಮಿತಿ ಕಾಯ್ದೆಯ 5ನೇ ಸೆಕ್ಷನ್ ಇದೆ. ಸಮಯಕ್ಕೆ ಬರಲು ಆಗದಿದ್ದುದಕ್ಕೆ ತಕ್ಕ ಕಾರಣ ಇತ್ತು ಅಂತ ತೋರಿಸಿದರೆ ಕೋರ್ಟ್ ತಡವನ್ನು ಮನ್ನಿಸಬಹುದು. ಗಮನಿಸಿ, 'ಮನ್ನಿಸಬಹುದು'. ಅದು ನಿಮ್ಮ ಹಕ್ಕಲ್ಲ, ಕೋರ್ಟಿನ ವಿವೇಚನೆ. ಎಷ್ಟು ದಿನ ಅನ್ನುವುದಕ್ಕಿಂತ ಯಾಕೆ ಅನ್ನುವುದು ಮುಖ್ಯ. 1998ರಲ್ಲಿ ಸುಪ್ರೀಂ ಕೋರ್ಟ್ 883 ದಿನದ ತಡವನ್ನು ಮನ್ನಿಸಿದ ತೀರ್ಪಿದೆ. ಅಲ್ಲಿ ಕಕ್ಷಿದಾರ ವಕೀಲರನ್ನು ನಂಬಿ ಕೆಟ್ಟಿದ್ದ. ತಡ ಉದ್ದವಾ ಗಿಡ್ಡವಾ ಅನ್ನುವುದಕ್ಕಿಂತ ಕೊಟ್ಟ ಕಾರಣ ಒಪ್ಪುವಂತಿದೆಯಾ ಅನ್ನುವುದೇ ಅಳತೆಗೋಲು ಅಂತ ಕೋರ್ಟ್ ಆಗ ಹೇಳಿತು. ಅದಕ್ಕೂ ಮೊದಲು 1987ರಲ್ಲೇ, ದಿನ ದಿನದ ಲೆಕ್ಕ ಕೊಡು ಅಂತ ಹಟ ಹಿಡಿಯಬಾರದು, ವಿವೇಕದಿಂದ ನೋಡಬೇಕು ಅಂದಿತ್ತು.

ಆದರೆ ಈ ಹಳೆಯ ತೀರ್ಪುಗಳನ್ನಷ್ಟೇ ತೋರಿಸಿ ಧೈರ್ಯ ಹೇಳುವವರನ್ನು ನಂಬಬೇಡಿ. ಗಾಳಿ ಈಗ ಬೇರೆ ಕಡೆ ಬೀಸುತ್ತಿದೆ. 2013ರಲ್ಲಿ ನಮ್ಮ ರಾಜ್ಯದ ಭೂಸ್ವಾಧೀನ ಪ್ರಕರಣವೊಂದರಲ್ಲಿ ಐದೂವರೆ ವರ್ಷದ ತಡವನ್ನು ಸುಪ್ರೀಂ ಕೋರ್ಟ್ ಮನ್ನಿಸಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ, ಕರ್ನಾಟಕದ್ದೇ ಇನ್ನೊಂದು ಪ್ರಕರಣದಲ್ಲಿ, ಸರ್ಕಾರಿ ಮಂಡಳಿಯೊಂದರ 3,966 ದಿನಗಳ ತಡವನ್ನು ಮನ್ನಿಸಿದ್ದ ಹೈಕೋರ್ಟ್ ಆದೇಶವನ್ನೇ ರದ್ದು ಮಾಡಿತು. ನಿಮ್ಮದು ಅಷ್ಟು ದೊಡ್ಡ ತಡ ಅಲ್ಲ. ಆದರೂ ಸುಮ್ನೆ 'ತಿಳಿಯದೆ ತಡವಾಯಿತು, ದಯವಿಟ್ಟು ಮನ್ನಿಸಿ' ಅಂತ ಎರಡು ಪ್ಯಾರಾ ಬರೆದರೆ ನಡೆಯುವ ಕಾಲ ಅಲ್ಲ ಇದು.

ನಿಮ್ಮ ನಿಜವಾದ ಕಾರಣ ಏನು? ಅಪ್ಪನ ಕಾಯಿಲೆ ಅಂತ ನೀವು ಅಂದುಕೊಂಡಿದ್ದೀರಿ. ತಾರೀಖು ಇಟ್ಟು ನೋಡಿ. ಗಡುವು ಮುಗಿದದ್ದು ಅಕ್ಟೋಬರ್‌ನಲ್ಲಿ. ಅಪ್ಪನಿಗೆ ಹುಷಾರು ತಪ್ಪಿದ್ದು ಜನವರಿಯಲ್ಲಿ. ಜೂನ್‌ನಲ್ಲಿ ವಾಪಸ್ ಬಂದಿರಿ, ಸೆಪ್ಟೆಂಬರ್ ಬಂತು. ಕಾಯಿಲೆಯನ್ನೇ ಮುಂದಿಟ್ಟರೆ ಎದುರಿನ ವಕೀಲರು ಕೇಳುವ ಮೊದಲ ಪ್ರಶ್ನೆ 'ಅಕ್ಟೋಬರ್‌ನಿಂದ ಜನವರಿ ತನಕ ಏನು ಮಾಡುತ್ತಿದ್ದಿರಿ?' ಎರಡನೆಯದು 'ಜುಲೈ, ಆಗಸ್ಟ್?' ಅಲ್ಲಿಗೆ ಅರ್ಜಿ ಕುಸಿಯುತ್ತದೆ. ನಿಮ್ಮ ಅಸಲಿ ಕಾರಣ ವಕೀಲರ ಸಲಹೆ. ಮೊದಲ ದಿನದಿಂದ ನೋಟಿಸ್ ಬರುವ ತನಕ ಇಡೀ ಅವಧಿಗೆ ಹೊಂದುವ ಕಾರಣ ಅದೊಂದೇ. ಅಪ್ಪನ ಕಾಯಿಲೆ ಅದರ ಜೊತೆಗೆ ಬರುವ ಮಾತು. ಮಧ್ಯದಲ್ಲಿ ಇನ್ನೊಬ್ಬ ವಕೀಲರನ್ನು ಕೇಳಲು ಯಾಕೆ ಆಗಲಿಲ್ಲ ಅನ್ನುವುದಕ್ಕೆ ಉತ್ತರ.

ಅದಕ್ಕೇ ಆ ಮೆಸೇಜ್ ಜೋಪಾನ ಅಂದದ್ದು. 'ವಕೀಲರು ತಪ್ಪು ಹೇಳಿದರು' ಅಂತ ಬಾಯಲ್ಲಿ ಹೇಳುವವರು ದಿನಕ್ಕೆ ಹತ್ತು ಜನ. ತಾರೀಖಿನ ಸಮೇತ ಬರಹದಲ್ಲಿ ತೋರಿಸುವವರು ಅಪರೂಪ. ಮೆಸೇಜಿನ ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆದು, ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಪ್ರಮಾಣಪತ್ರದ ಜೊತೆ ಅಫಿಡವಿಟ್‌ಗೆ ಲಗತ್ತಿಸಿ. ಮೂಲ ಫೋನ್ ನಿಮ್ಮ ಹತ್ತಿರವೇ ಇರಲಿ. ಹಳೆಯ ವಕೀಲರ ಮೇಲೆ ಕೆಟ್ಟ ಮಾತು ಬರೆಯುವ ಅಗತ್ಯ ಇಲ್ಲ. ಅವರು ಹೀಗೆ ಸಲಹೆ ಕೊಟ್ಟರು, ನಾನು ನಂಬಿದೆ, ನೋಟಿಸ್ ಬಂದ ಮೇಲೆ ಬೇರೆಯವರನ್ನು ಕೇಳಿದಾಗ ತಪ್ಪು ಗೊತ್ತಾಯಿತು, ಗೊತ್ತಾದ ಇಷ್ಟು ದಿನದೊಳಗೆ ಅಪೀಲು ಹಾಕಿದೆ. ಇಷ್ಟು ಸಾಕು. ಅವರು ತಾವೇ ಒಂದು ಅಫಿಡವಿಟ್ ಕೊಡಲು ಒಪ್ಪಿದರೆ ಇನ್ನೂ ಒಳ್ಳೆಯದು. ಒಳ್ಳೆಯ ಮನಸ್ಸಿನ ವಕೀಲರು ಒಪ್ಪಿದ್ದನ್ನು ನೋಡಿದ್ದೇನೆ. ವಕೀಲರ ತಪ್ಪಿಗೆ ಕಕ್ಷಿದಾರ ಬಲಿಯಾಗಬಾರದು ಅಂತ ಸುಪ್ರೀಂ ಕೋರ್ಟ್ 1981ರಲ್ಲೇ ಹೇಳಿದೆ. ಆದರೆ ಕಕ್ಷಿದಾರರೂ ಎಚ್ಚರವಾಗಿರಬೇಕು ಅಂತ ಕೋರ್ಟುಗಳು ಈಗ ಜೊತೆಗೇ ಕೇಳುತ್ತವೆ. ಹಾಗಾಗಿ ಗೊತ್ತಾದ ಮೇಲಿನ ದಿನಗಳು ಬಹಳ ಮುಖ್ಯ. ಸೆಪ್ಟೆಂಬರ್ ತನಕದ್ದನ್ನು ಮೆಸೇಜ್ ವಿವರಿಸುತ್ತದೆ. ಈ ಉತ್ತರ ಓದಿದ ಮೇಲೂ ಡಿಸೆಂಬರ್ ತನಕ ಕೂತರೆ ಅದನ್ನು ಯಾವ ಮೆಸೇಜೂ ವಿವರಿಸಲಾರದು.

ಮೆಡಿಕಲ್ ಸರ್ಟಿಫಿಕೇಟ್ ವಿಚಾರ. ಬೇಡವೇ ಬೇಡ. ಕೆಲವು ವರ್ಷಗಳ ಹಿಂದೆ ಒಬ್ಬರು ನನ್ನ ಹತ್ತಿರ ಬರುವ ಮೊದಲೇ ಇಂಥದ್ದೊಂದು ಹಾಕಿಬಿಟ್ಟಿದ್ದರು. ಕಾಮಾಲೆ, ಮೂರು ತಿಂಗಳು ಹಾಸಿಗೆ ಬಿಟ್ಟು ಏಳಬಾರದು ಅಂತ ಸರ್ಟಿಫಿಕೇಟ್. ಎದುರಿನವರು ಒಂದು ನೋಂದಾಯಿತ ಪತ್ರದ ನಕಲು ತಂದು ಇಟ್ಟರು. ಹಾಸಿಗೆ ಹಿಡಿದಿದ್ದ ಎರಡನೇ ತಿಂಗಳಿನಲ್ಲಿ ಈ ಮನುಷ್ಯ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೂತು ಹೆಬ್ಬೆಟ್ಟು ಒತ್ತಿದ್ದರು. ಕ್ಯಾಮೆರಾ ಮುಂದೆ ತೆಗೆದ ಫೋಟೊ ಪತ್ರದ ಮೇಲೇ ಅಚ್ಚಾಗಿತ್ತು, ಅಂಗಿಯ ಜೇಬಿನಲ್ಲಿ ಪೆನ್ನು ಸಮೇತ. ಅವರ ಬಳಿ ಬೇರೆ ನಿಜವಾದ ಕಾರಣವೂ ಇತ್ತು. ಆಮೇಲೆ ಅದನ್ನು ಯಾರೂ ಕೇಳಲಿಲ್ಲ. ಅರ್ಜಿ ವಜಾ ಆಯಿತು, ಅದರ ಹಿಂದೆಯೇ ಅಪೀಲೂ ಹೋಯಿತು. ಪ್ರಮಾಣ ಮಾಡಿ ಸುಳ್ಳು ಹೇಳುವುದು ಅಪರಾಧ ಅನ್ನುವುದು ಬೇರೆ. ನಿಮ್ಮ ಕೈಯಲ್ಲಿ ಒಳ್ಳೆಯ ಸತ್ಯ ಇರುವಾಗ ಈ ಗೋಜು ಯಾಕೆ?

ಈಗ ಗೆಳತಿಯ ಮಾತಿಗೆ ಬರುತ್ತೇನೆ. ಅವರು ಪ್ರೀತಿಯಿಂದಲೇ ಹೇಳಿದ್ದಾರೆ, ಆದರೆ ಎರಡೂ ಮಾತು ನಿಲ್ಲುವುದಿಲ್ಲ. ಮದುವೆ ಇಲ್ಲದೆ ಇಬ್ಬರು ವಯಸ್ಕರು ಒಟ್ಟಿಗೆ ಬಾಳುವುದು ಅಪರಾಧವಲ್ಲ. ಇಲ್ಲಿ ಕೋರ್ಟ್ ನಿಮ್ಮ ಸಂಬಂಧವನ್ನು ಅಳೆದಿಲ್ಲ. ಒಂದೇ ಕ್ರಯಪತ್ರದಲ್ಲಿರುವ ಇಬ್ಬರು ಮಾಲೀಕರ ನಡುವೆ ಪಾಲು ಮಾಡಿದೆ, ಅಷ್ಟೇ. ಅಣ್ಣತಮ್ಮ ಆಗಿದ್ದರೂ, ಇಬ್ಬರು ಸಹೋದ್ಯೋಗಿಗಳಾಗಿದ್ದರೂ ಅದೇ ಕಾನೂನು. ಗಂಡ ಹೆಂಡತಿಯ ಆಸ್ತಿ ಜಗಳವಾದರೆ ಕುಟುಂಬ ನ್ಯಾಯಾಲಯಕ್ಕೆ ಹೋಗುತ್ತದೆ, ನಿಮ್ಮದು ಸಿವಿಲ್ ಕೋರ್ಟಿಗೆ ಬಂದದ್ದು ಸರಿಯೇ. ಡಿಕ್ರಿ ತಾನಾಗಿ ಬಿದ್ದುಹೋಗುತ್ತದೆ ಅನ್ನುವ ಆಸೆ ಬಿಡಿ.

ಡೊಮೆಸ್ಟಿಕ್ ವಯಲೆನ್ಸ್ ಕಾಯ್ದೆ 2005ರದ್ದು. ಮದುವೆಯಂಥ ಸಂಬಂಧದಲ್ಲಿದ್ದ ಹೆಣ್ಣುಮಕ್ಕಳಿಗೂ ಅದು ರಕ್ಷಣೆ ಕೊಡುತ್ತದೆ. ಯಾವುದನ್ನು ಹಾಗೆ ಕರೆಯಬಹುದು ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ: ಇಬ್ಬರಿಗೂ ಮದುವೆಯ ವಯಸ್ಸಾಗಿರಬೇಕು, ಮದುವೆಯಾಗಲು ಅಡ್ಡಿ ಇರಬಾರದು, ತಾವಾಗಿಯೇ ಸಾಕಷ್ಟು ಕಾಲ ಒಟ್ಟಿಗಿದ್ದು ಸಮಾಜದ ಮುಂದೆ ಗಂಡ ಹೆಂಡತಿಯಂತೆ ಬಾಳಿರಬೇಕು. 2013ರಲ್ಲಿ ಇದೇ ವಿಷಯದ ಮೇಲೆ ಬಂದ ದೊಡ್ಡ ತೀರ್ಪು ನಮ್ಮ ಬೆಂಗಳೂರಿನ ಪ್ರಕರಣದ್ದು. ಅಲ್ಲಿ ಗಂಡಸಿಗೆ ಮೊದಲೇ ಮದುವೆಯಾಗಿತ್ತು, ಆಕೆಗೂ ಅದು ಗೊತ್ತಿತ್ತು. ಹಾಗಾಗಿ ಆಕೆಗೆ ಪರಿಹಾರ ಸಿಗಲಿಲ್ಲ. ಆ ತೀರ್ಪು ಓದುವಾಗ ನನಗೆ ಈಗಲೂ ಸಂಕಟವಾಗುತ್ತದೆ. ನಿಮ್ಮ ವಿಷಯದಲ್ಲಿ ಆ ಅಡ್ಡಿ ಇಲ್ಲ. ಆದರೆ ಈ ಕಾಯ್ದೆ ಕೊಡುವುದು ಹಿಂಸೆಯಿಂದ ರಕ್ಷಣೆ, ಮನೆಯಲ್ಲಿ ವಾಸಿಸುವ ಹಕ್ಕು, ಹಣದ ನೆರವು. ಮಾಲೀಕತ್ವ ಕೊಡುವುದಿಲ್ಲ, 50ನ್ನು 100 ಮಾಡುವುದಿಲ್ಲ. ನಿಮ್ಮ ಜೊತೆಗಿದ್ದವರು ನಿಮಗೆ ನಿಜವಾಗಿ ಹಿಂಸೆ ಕೊಟ್ಟಿದ್ದರೆ, ಬೀಗ ಒಡೆಯಲು ಬರುತ್ತಿದ್ದರೆ, ಖಂಡಿತ ಹೋಗಿ. ಅಂಥದ್ದೇನೂ ನಡೆಯದೆ ಒತ್ತಡ ಹಾಕಲು ಮಾತ್ರ ಹೋಗುವುದನ್ನು ನಾನು ಒಪ್ಪುವುದಿಲ್ಲ. ರಾಜಿಯ ದಾರಿಯೂ ಮುಚ್ಚಿಹೋಗುತ್ತದೆ.

ಇನ್ನು ನೀವು ಕೇಳದ ಪ್ರಶ್ನೆ. ತಡ ಮನ್ನಾ ಆಯಿತು ಅಂತಲೇ ಇಟ್ಟುಕೊಳ್ಳೋಣ. ಅಪೀಲಿನಲ್ಲಿ ಗೆದ್ದರೆ ಎಷ್ಟು ಸಿಗುತ್ತದೆ?

ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಸೆಕ್ಷನ್ ನಿಮ್ಮ ಇಡೀ ಕೇಸಿನ ಬುಡ. ಇಬ್ಬರು ಸೇರಿ ದುಡ್ಡು ಕೊಟ್ಟು ಕೊಂಡಾಗ, ಬೇರೆ ಕರಾರು ಇಲ್ಲದಿದ್ದರೆ, ಯಾರು ಎಷ್ಟು ಹಾಕಿದರೋ ಆ ಲೆಕ್ಕದಲ್ಲಿ ಪಾಲು. ಯಾರು ಎಷ್ಟು ಹಾಕಿದರು ಅನ್ನುವುದಕ್ಕೆ ಸಾಕ್ಷ್ಯ ಇಲ್ಲದಿದ್ದರೆ ಸಮಪಾಲು ಅಂತ ಭಾವಿಸಬೇಕು. ನಿಮಗೆ ಅರ್ಧ ಬಂದದ್ದು ಈ ಕೊನೆಯ ವಾಕ್ಯದಿಂದಲೇ ಇರಬೇಕು. ತೀರ್ಪು ತೆಗೆದು ಕೊನೆಯ ಪುಟಗಳನ್ನು ನೋಡಿ. ಗುರುತು ಹಾಕಿದ ದಾಖಲೆಗಳ ಪಟ್ಟಿ ಇರುತ್ತದೆ. ನಿಮ್ಮವು ಡಿ-1, ಡಿ-2 ಅಂತ ಇರುತ್ತವೆ. 18 ಲಕ್ಷ ಹೋದ ಬ್ಯಾಂಕ್ ಸ್ಟೇಟ್‌ಮೆಂಟ್ ಆ ಪಟ್ಟಿಯಲ್ಲಿ ಇದೆಯಾ? ಇದ್ದೂ ನ್ಯಾಯಾಧೀಶರು ಅದನ್ನು ಗಮನಿಸದೆ ಅರ್ಧ ಅಂದಿದ್ದರೆ ಅಪೀಲಿಗೆ ಗಟ್ಟಿ ನೆಲ ಇದೆ. ಪಟ್ಟಿಯಲ್ಲೇ ಇಲ್ಲದಿದ್ದರೆ ಕಷ್ಟ. ಹೈಕೋರ್ಟಿನಲ್ಲಿ ಹೊಸ ದಾಖಲೆ ಸೇರಿಸಲು ಅರ್ಜಿ ಹಾಕಬಹುದು. ಆದರೆ ಎಷ್ಟು ಪ್ರಯತ್ನಪಟ್ಟರೂ ಆಗ ಕೊಡಲು ಆಗಲಿಲ್ಲ ಅಂತ ತೋರಿಸಬೇಕು. ನಿಮ್ಮದೇ ಖಾತೆಯ ಸ್ಟೇಟ್‌ಮೆಂಟ್‌ಗೆ ಹಾಗೆ ಹೇಳುವುದು ಸುಲಭವಲ್ಲ.

ಮುಂದಿನ ಮಾತು ನಿಮಗೆ ಹಿಡಿಸದಿರಬಹುದು. ಕಂತೆಲ್ಲ ನಾನೇ ಕಟ್ಟಿದೆ, ಆದ್ದರಿಂದ 72ರಲ್ಲಿ 68 ನನ್ನದು, ಅಂದರೆ ನೂರಕ್ಕೆ 94 ಪಾಲು ನನ್ನದು ಅಂತ ನಿಮ್ಮ ಮನಸ್ಸಿನಲ್ಲಿದೆ ಅಲ್ವಾ? ಎದುರಿನವರು ಹೇಳುವುದು ಬೇರೆ: ಸಾಲ ಇಬ್ಬರ ಹೆಸರಿನಲ್ಲಿದೆ, ಬ್ಯಾಂಕಿಗೆ ಇಬ್ಬರೂ ಹೊಣೆ, ಆದ್ದರಿಂದ ಕೊಳ್ಳುವ ದಿನ ಆ 50 ಲಕ್ಷದಲ್ಲಿ 25 ನನ್ನದು. ಇದು ಬಲವಾದ ವಾದ. ಅದನ್ನು ಕೋರ್ಟ್ ಒಪ್ಪಿದರೆ ನಿಮ್ಮದು 18 ಸೇರಿಸಿ 25, ಅಂದರೆ 43. ಅವರದು 29. ನೂರಕ್ಕೆ ಸುಮಾರು 60 ಮತ್ತು 40. ಹಾಗಾದರೆ ನೀವು ಹೋರಾಡುತ್ತಿರುವುದು ಬಹುಶಃ 50 ಮತ್ತು 60ರ ನಡುವಿನ ಆ ಹತ್ತಕ್ಕೆ. ಫ್ಲಾಟಿಗೆ ಈಗ ಒಂದು ಕೋಟಿ ಬೆಲೆ ಬಂದರೆ ಹತ್ತು ಲಕ್ಷ. ಸಣ್ಣ ಮೊತ್ತವಲ್ಲ. ಆದರೆ ಕೋರ್ಟ್ ಫೀ, ವಕೀಲರ ಫೀ, ವರ್ಷಗಳ ಓಡಾಟ ಎಲ್ಲವನ್ನೂ ಅದರ ಪಕ್ಕ ಇಟ್ಟು ತೂಗಬೇಕು.

ಹಾಗಾದರೆ ಕಟ್ಟಿದ ಕಂತು ನೀರಿಗೆ ಹೋಯಿತಾ? ಇಲ್ಲ. ಅವರ ಭಾಗದ ಸಾಲವನ್ನೂ ನೀವೇ ತೀರಿಸಿದ್ದೀರಿ. ಜಂಟಿ ಹೊಣೆಯಲ್ಲಿ ಒಬ್ಬರೇ ಕಟ್ಟಿದರೆ ಇನ್ನೊಬ್ಬರಿಂದ ಅವರ ಭಾಗ ಕೇಳುವ ಹಕ್ಕನ್ನು ಕರಾರು ಕಾಯ್ದೆಯ 43ನೇ ಸೆಕ್ಷನ್ ಕೊಡುತ್ತದೆ. ಪಾಲು ಬದಲಾಗದಿದ್ದರೂ ಈ ಲೆಕ್ಕವನ್ನು ಎಫ್‌ಡಿಪಿಯಲ್ಲೇ ಎತ್ತಿ. ದಾವೆ ಹಾಕಿದ ಮೇಲೆ, ಡಿಕ್ರಿ ಆದ ಮೇಲೆ ಕಟ್ಟಿದ ಒಂದೊಂದು ಕಂತು, ಮೇಂಟೆನೆನ್ಸು, ಆಸ್ತಿ ತೆರಿಗೆ, ಎಲ್ಲವನ್ನೂ ತಾರೀಖು ಹಾಕಿ ಒಂದು ಹಾಳೆಯಲ್ಲಿ ಬರೆದು, ಹಂಚುವಾಗ ಸರಿದೂಗಿಸಿ ಅಂತ ಕೇಳಿ. ಅವರೂ ಸುಮ್ಮನಿರುವುದಿಲ್ಲ, ಪೂರ್ತಿ ಫ್ಲಾಟಿನಲ್ಲಿ ನೀವೊಬ್ಬರೇ ಇದ್ದೀರಿ, ನನ್ನ ಅರ್ಧದ ಬಾಡಿಗೆ ಕೊಡಿ ಅನ್ನಬಹುದು. ಅದಕ್ಕೂ ತಯಾರಾಗಿರಿ. ಹಣ ವಸೂಲಿಗೆ ಬೇರೆ ದಾವೆ ಹಾಕುವುದಾದರೆ ಸಾಮಾನ್ಯವಾಗಿ ಮೂರು ವರ್ಷದ ಗಡುವು. ಅಲ್ಲಿ 5ನೇ ಸೆಕ್ಷನ್ ನೆರವಿಗೆ ಬರುವುದಿಲ್ಲ, ಅದು ಅಪೀಲು, ಅರ್ಜಿಗಳಿಗೆ ಮಾತ್ರ. ಹಳೆಯ ಕಂತುಗಳು ತಿಂಗಳು ತಿಂಗಳೂ ಗಡುವಿನಾಚೆ ಜಾರುತ್ತಿವೆ.

ಎರಡು ಹೆಸರೂ ಕ್ರಯಪತ್ರದಲ್ಲಿ ಇರುವುದು ನಿಮ್ಮ ಪುಣ್ಯ. ಇದೇ ಸ್ಥಿತಿಯಲ್ಲಿರುವ, ಆದರೆ ಪತ್ರ ಇನ್ನೊಬ್ಬರ ಹೆಸರಿನಲ್ಲಿ ಮಾತ್ರ ಇರುವವರು ನನ್ನ ಹತ್ತಿರ ಜಾಸ್ತಿ ಬರುತ್ತಾರೆ. 'ಹೆಸರು ಅವರದು, ದುಡ್ಡು ನನ್ನದು, ಮಾಲೀಕಳು ನಾನು' ಅಂತ ದಾವೆ ಹಾಕಿದರೆ ಬೇನಾಮಿ ಕಾಯ್ದೆ ಅಡ್ಡ ಬರುತ್ತದೆ. ಹೆಂಡತಿ ಅಥವಾ ಗಂಡನ ಹೆಸರಿನಲ್ಲಿ ಕೊಂಡದ್ದಕ್ಕೆ ಅದರಲ್ಲಿ ವಿನಾಯಿತಿ ಇದೆ. ಮದುವೆಯಾಗದ ಸಂಗಾತಿಗೆ ಇಲ್ಲ.

ಅಪೀಲು ಹಾಕುವುದೇ ಅಂತ ನಿರ್ಧರಿಸಿದರೆ ಒಂದು ಅಪಾಯ ತಿಳಿದುಕೊಂಡು ಹಾಕಿ. ಅಪೀಲು ಹಾಕಿದ ಮಾತ್ರಕ್ಕೆ ಕೆಳಗಿನ ಕೋರ್ಟ್ ನಿಲ್ಲುವುದಿಲ್ಲ. ತಡವಾದ ಅಪೀಲಿನಲ್ಲಿ ತೊಡಕು ಇನ್ನೂ ಜಾಸ್ತಿ. ಸಿಪಿಸಿಯ ಆರ್ಡರ್ 41, ರೂಲ್ 3ಎ ಪ್ರಕಾರ ತಡ ಮನ್ನಿಸುವ ಅರ್ಜಿ ಅಫಿಡವಿಟ್ ಸಮೇತ ಅಪೀಲಿನ ಜೊತೆಗೇ ಹೋಗಬೇಕು. ಮತ್ತು ಅಪೀಲನ್ನು ವಿಚಾರಣೆಗೆ ತೆಗೆದುಕೊಳ್ಳುತ್ತೇವೆ ಅಂತ ಹೈಕೋರ್ಟ್ ತೀರ್ಮಾನಿಸುವ ತನಕ ಡಿಕ್ರಿಯ ಜಾರಿಗೆ ತಡೆ ಕೊಡುವಂತಿಲ್ಲ. ಆ ಅರ್ಜಿಗೆ ಎದುರಿನವರಿಗೆ ನೋಟಿಸ್ ಹೋಗಿ, ಅವರು ಆಕ್ಷೇಪಣೆ ಹಾಕಿ, ವಾದ ಮುಗಿಯಲು ತಿಂಗಳುಗಳು ಬೇಕು. ಅಷ್ಟರಲ್ಲಿ ಎಫ್‌ಡಿಪಿ ಮುಂದೆ ಓಡುತ್ತಿರುತ್ತದೆ. 2022ರಲ್ಲಿ, ಮದುವೆಯ ದಾಖಲೆ ಇಲ್ಲದೆ ಬಹುಕಾಲ ಒಟ್ಟಿಗೆ ಬಾಳಿದವರ ಕುಟುಂಬದ ಕೇರಳದ ಪಾಲಿನ ಪ್ರಕರಣವೊಂದರಲ್ಲಿ, ಪ್ರಿಲಿಮಿನರಿ ಡಿಕ್ರಿ ಆದ ಕೂಡಲೇ ಕೋರ್ಟುಗಳು ತಾವಾಗಿಯೇ ಫೈನಲ್ ಡಿಕ್ರಿಯ ಕಡೆ ಸಾಗಬೇಕು ಅಂತ ಸುಪ್ರೀಂ ಕೋರ್ಟ್ ಸೂಚಿಸಿದೆ. ಆದ್ದರಿಂದ ಹಿಂದಿನಂತೆ ವರ್ಷಾನುಗಟ್ಟಲೆ ಎಳೆಯುತ್ತದೆ ಅಂತ ನಂಬಿ ಕೂರಬೇಡಿ. ಫೈನಲ್ ಡಿಕ್ರಿ ಆಗುವ ಮೊದಲೇ ನಿಮ್ಮ ಅಪೀಲು ಹೈಕೋರ್ಟಿನಲ್ಲಿ ದಾಖಲಾಗಿರಬೇಕು. ಮನ್ನಿಸಿದರೂ ಎದುರಿನವರಿಗೆ ಖರ್ಚು ಕೊಡಿ ಅಂತ ಷರತ್ತು ಹಾಕಬಹುದು. ಹೈಕೋರ್ಟ್ ಮನ್ನಿಸದಿದ್ದರೆ ಉಳಿಯುವುದು ಸುಪ್ರೀಂ ಕೋರ್ಟು ಮಾತ್ರ. ಅಲ್ಲಿಗೆ ಹೋಗುವ ಖರ್ಚು ನಿಮ್ಮ ಹತ್ತು ಲಕ್ಷವನ್ನು ತಿಂದುಹಾಕಬಹುದು.

ಇನ್ನೊಂದು ಸಣ್ಣ ವಿಚಾರ. ನಿಮ್ಮ ಎದುರಿನವರೇ ಈ ಡಿಕ್ರಿಯ ಮೇಲೆ ಅಪೀಲು ಹಾಕಿದ್ದಾರಾ ಅಂತ ಪರೀಕ್ಷಿಸಿ. ಹಾಕಿದ್ದರೆ, ಅದರ ನೋಟಿಸ್ ನಿಮಗೆ ತಲುಪಿದ ಒಂದು ತಿಂಗಳೊಳಗೆ ಅದೇ ಅಪೀಲಿನಲ್ಲಿ ನಿಮ್ಮ ಪ್ರತ್ಯಾಕ್ಷೇಪಣೆ ಹಾಕಬಹುದು. ಕ್ರಾಸ್ ಅಬ್ಜೆಕ್ಷನ್ ಅನ್ನುತ್ತಾರೆ. ನಿಮ್ಮ ಸ್ವಂತ ಅಪೀಲಿನ ಗಡುವು ಮುಗಿದಿದ್ದರೂ ಆ ಬಾಗಿಲು ತೆರೆದಿರುತ್ತದೆ.

ಅಪೀಲಿಗಿಂತ ಎಫ್‌ಡಿಪಿಯಲ್ಲಿ ನಿಮಗೆ ಹೆಚ್ಚು ಲಾಭ ಇರಬಹುದು ಅಂತ ನನಗನ್ನಿಸುತ್ತದೆ. ಎರಡು ಬೆಡ್‌ರೂಮಿನ ಫ್ಲಾಟನ್ನು ಗೋಡೆ ಎಬ್ಬಿಸಿ ಹಂಚಲು ಆಗುವುದಿಲ್ಲ. ಅಲ್ಲಿ 1893ರ ಪಾಲು ಕಾಯ್ದೆ ಬರುತ್ತದೆ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲಿನವರು 'ಮಾರಿ ದುಡ್ಡು ಹಂಚಿ' ಅಂತ ಕೋರ್ಟನ್ನು ಕೇಳಬಹುದು. ಹಾಗೆ ಒಬ್ಬರು ಕೇಳಿದಾಗ, ಇನ್ನೊಬ್ಬರಿಗೆ ಆ ಕೇಳಿದವರ ಪಾಲನ್ನು ಕೋರ್ಟ್ ಕಟ್ಟಿಸಿದ ಬೆಲೆಗೆ ಕೊಳ್ಳುವ ಅವಕಾಶ ಸಿಗುತ್ತದೆ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಬೇಸರದಲ್ಲಿ 'ಮಾರಿಬಿಡಿ' ಅಂತ ನೀವೇ ಮೊದಲು ಅರ್ಜಿ ಹಾಕಿದರೆ, ಕೊಳ್ಳುವ ಅವಕಾಶ ಅವರ ಕೈಗೆ ಹೋಗುತ್ತದೆ. ಮನೆ ಉಳಿಸಿಕೊಳ್ಳಬೇಕು ಅಂತಿದ್ದರೆ ಆ ಮಾತು ಅವರ ಬಾಯಿಂದ ಬರಲಿ. ಬಂದ ತಕ್ಷಣ 'ನಾನು ಕೊಳ್ಳುತ್ತೇನೆ' ಅಂತ ನಿಮ್ಮ ಅರ್ಜಿ ಸಿದ್ಧವಿರಲಿ. ನಿಮ್ಮ ಸಂಬಳಕ್ಕೆ ಬ್ಯಾಂಕ್ ಎಷ್ಟು ಕೊಡುತ್ತದೆ ಅಂತ ಈಗಲೇ ವಿಚಾರಿಸಿಟ್ಟುಕೊಳ್ಳಿ.

ರಾಜಿಯನ್ನೂ ಯೋಚಿಸಿ. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ 2007ರಿಂದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ನಡೆಯುತ್ತಿದೆ. ನಮ್ಮನ್ನು ಅಲ್ಲಿಗೆ ಕಳಿಸಿ ಅಂತ ಎಫ್‌ಡಿಪಿ ಕೋರ್ಟನ್ನೇ ಕೇಳಬಹುದು. ಎದುರುಬದುರು ಕೂರಲು ಮನಸ್ಸಿಲ್ಲದಿದ್ದರೆ ಮಧ್ಯಸ್ಥರು ಒಬ್ಬೊಬ್ಬರನ್ನೇ ಕರೆದು ಮಾತಾಡುತ್ತಾರೆ. ಪಾಲು 50 ಅಂತಲೇ ಇಟ್ಟುಕೊಂಡು, ಅದರಿಂದ ಕಂತಿನ ಲೆಕ್ಕ ಕಳೆದು, ಉಳಿದದ್ದನ್ನು ಕೊಟ್ಟು ಬಿಡಿಸಿಕೊಂಡವರನ್ನು ನಾನು ಅಲ್ಲಿ ನೋಡಿದ್ದೇನೆ. ಎರಡು ವಿಚಾರ ಮರೆಯಬೇಡಿ. ಅವರು ಹಕ್ಕು ಬಿಡುಗಡೆ ಪತ್ರ ಬರೆದುಕೊಡುವುದಾದರೆ, ಕುಟುಂಬದವರ ನಡುವಿನ ಮುದ್ರಾಂಕ ಶುಲ್ಕದ ರಿಯಾಯಿತಿ ನಿಮಗೆ ಸಿಗುವುದಿಲ್ಲ, ಕ್ರಯಪತ್ರದಂತೆಯೇ ಕಟ್ಟಬೇಕು. ಆ ಖರ್ಚು ಯಾರದು ಅಂತ ರಾಜಿಯಲ್ಲೇ ಬರೆಸಿ. ಮತ್ತು ನಿಮ್ಮಿಬ್ಬರ ರಾಜಿ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಸಾಲದಿಂದ ಅವರ ಹೆಸರು ತೆಗೆಯಲು ಬ್ಯಾಂಕ್ ಒಪ್ಪಬೇಕು. ಅದು ಬರಹದಲ್ಲಿ ಸಿಗುವ ತನಕ ದುಡ್ಡು ಕೊಡಬೇಡಿ.

ವಕೀಲರ ಫೀ ಚಿಂತೆ ಇದ್ದರೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಹೈಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ಈ ವಾರ ನೀವು ಮಾಡಬೇಕಾದ್ದು ಇಷ್ಟು. ತೀರ್ಪು ಮತ್ತು ಡಿಕ್ರಿಯ ಸರ್ಟಿಫೈಡ್ ಕಾಪಿ, ಕ್ರಯಪತ್ರ, 2016ರಿಂದ ಇಂದಿನ ತನಕದ ಬ್ಯಾಂಕ್ ಸ್ಟೇಟ್‌ಮೆಂಟು, ಸಾಲದ ಪತ್ರ, ಅಪ್ಪನ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಆ ಮೆಸೇಜು. ಇವನ್ನೆಲ್ಲ ಒಂದು ಫೈಲಿಗೆ ಹಾಕಿ, ಹೈಕೋರ್ಟಿನಲ್ಲಿ ಸಿವಿಲ್ ಅಪೀಲು ನಡೆಸುವ ವಕೀಲರೊಬ್ಬರಿಗೆ ತೋರಿಸಿ. ದಾಖಲೆಗಳ ಪಟ್ಟಿಯಲ್ಲಿ ನಿಮ್ಮ 18 ಲಕ್ಷ ಕಾಣಿಸಿದರೆ ಅಪೀಲು ಹಾಕಿ, ಕಾಣಿಸದಿದ್ದರೆ ನಿಮ್ಮ ಬಲವನ್ನೆಲ್ಲ ಎಫ್‌ಡಿಪಿ ಮತ್ತು ರಾಜಿಗೆ ಹಾಕಿ ಅನ್ನುವುದು ನನ್ನ ಸಲಹೆ. ಎರಡರಲ್ಲಿ ಯಾವುದಾದರೂ ಸರಿ, ಅಕ್ಟೋಬರ್ 27ರ ಬೆಳಿಗ್ಗೆ ನಿಮ್ಮ ಕೇಸ್ ಕೂಗಿದಾಗ ನೀವಾಗಲಿ ನಿಮ್ಮ ವಕೀಲರಾಗಲಿ ಅಲ್ಲಿ ನಿಂತಿರಬೇಕು. ಯಾರೂ ಇಲ್ಲ ಅಂತ ಬರೆದುಕೊಂಡು ನಿಮ್ಮ ಮಾತು ಕೇಳದೆಯೇ ಕೋರ್ಟ್ ಮುಂದೆ ಹೋದರೆ, ಅದನ್ನು ತೆಗೆಸಲು ಮತ್ತೊಂದು ಅರ್ಜಿ ಹಾಕಬೇಕಾಗುತ್ತದೆ, ಅದಕ್ಕೂ ಒಂದು ಗಡುವು ಇರುತ್ತದೆ.